ರಿಜೆಕ್ಟ್ ಲೇನ್ ತುಂಬುತ್ತಿದ್ದರೆ ಎಲ್ಲಿಂದ ಹುಡುಕಬೇಕು? ಔಷಧ ಗೋದಾಮಿನ ಪಾರ್ಸಲ್ ಸಾರ್ಟರ್‌ಗೆ ದೋಷ ನಿವಾರಣೆ ಕೈಪಿಡಿ

ಬೆಲ್ಟ್ ಓಡುತ್ತಿದೆ. ಪ್ಯಾನಲ್ ಮೇಲೆ ಒಂದೂ ಕೆಂಪು ದೀಪ ಇಲ್ಲ. ಆದರೂ ಪಾರ್ಸಲ್‌ಗಳನ್ನು ವಿಳಾಸದ ಪ್ರಕಾರ ಬೇರ್ಪಡಿಸುವ ಸಾರ್ಟರ್‌ನ ತುದಿಯಲ್ಲಿ, ಎಲ್ಲೂ ಇಳಿಯದವು ಬಂದು ಸೇರುವ ರಿಜೆಕ್ಟ್ ಲೇನ್‌ಗೆ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬಂದು ನಿಲ್ಲುತ್ತಿವೆ. ಕೇಳಿದರೆ ಸಿಗುವ ಉತ್ತರ ಒಂದೇ: "ಸ್ಕ್ಯಾನರ್ ಓದ್ತಾ ಇಲ್ಲ ಸಾರ್." ಯಾರೋ ಬಟ್ಟೆ ತಂದು ಸ್ಕ್ಯಾನರ್ ಗಾಜು ಒರೆಸುತ್ತಾರೆ. ಹತ್ತು ನಿಮಿಷ ಸರಿಹೋದ ಹಾಗೆ ಕಾಣುತ್ತದೆ. ಮತ್ತೆ ಶುರು.

ಸ್ಕ್ಯಾನರ್ ಪಾಪ, ಕಣ್ಣಿಗೆ ಬೀಳುವ ಜಾಗದಲ್ಲಿರುತ್ತದೆ. ಅದಕ್ಕೇ ಬೈಗುಳವೆಲ್ಲ ಅದಕ್ಕೆ. ನನ್ನ ಅನುಭವದಲ್ಲಿ ತಪ್ಪು ಲೇಬಲ್‌ನಲ್ಲಿರಬಹುದು, ಡೇಟಾದಲ್ಲಿರಬಹುದು, ಸರ್ವರ್‌ನಲ್ಲಿರಬಹುದು, ಬೆಲ್ಟ್ ಎಷ್ಟು ದೂರ ಓಡಿತು ಅಂತ ಅಳೆಯುವ ಎನ್‌ಕೋಡರ್ ಚಕ್ರದಲ್ಲಿರಬಹುದು, ಗಾಳಿಯ ಪೈಪಿನಲ್ಲೂ ಇರಬಹುದು. ಯಾವುದು ಅಂತ ಗೊತ್ತಾಗಬೇಕಾದರೆ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪೆನ್ನು, ಒಂದು ಹಾಳೆ ಹಿಡಿಯಬೇಕು.

ಕೈ ಹಾಕುವ ಮೊದಲು

ರಿಜೆಕ್ಟ್ ಲೇನ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ಪಾರ್ಸಲ್ ಇದೆಯಾ ನೋಡಿ. ಇದ್ದರೆ ಅದನ್ನು ಮೊದಲು ತೆಗೆದು ಕೋಲ್ಡ್ ರೂಮ್‌ಗೆ ಕಳಿಸಿ, ಹೊರಗೆ ಎಷ್ಟು ಹೊತ್ತು ಇತ್ತು ಅಂತ ಬರೆದಿಡಿ. ನೀವು ಒಂದು ಗಂಟೆ ದೋಷ ಹುಡುಕುತ್ತಾ ಕೂತರೆ ಬೆಲ್ಟ್‌ಗೇನೂ ಆಗುವುದಿಲ್ಲ, ಇನ್ಸುಲಿನ್‌ಗೆ ಆಗುತ್ತದೆ.

ಇನ್ನೊಂದು: ರಿಜೆಕ್ಟ್ ಆದ ಪೆಟ್ಟಿಗೆಯ ವಿಳಾಸ ಕಣ್ಣಲ್ಲಿ ಓದಿ ಕೈಯಿಂದ ಚ್ಯೂಟ್‌ಗೆ (ಒಂದೊಂದು ವಿಳಾಸದ ಪಾರ್ಸಲ್ ಇಳಿಯುವ ಇಳಿಜಾರು) ಎಸೆಯುವ ಅಭ್ಯಾಸ ನಿಲ್ಲಿಸಿ. ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಆ ಪೆಟ್ಟಿಗೆ ಬೇಕು ಅಂತಲೇ ರಿಜೆಕ್ಟ್ ಆಗಿರಬಹುದು. ವಾಪಸ್ ಕರೆಸಿಕೊಂಡ ಬ್ಯಾಚ್, ಕ್ವಾರಂಟೈನ್‌ನಲ್ಲಿರುವ ಸರಕು, ಎಕ್ಸ್‌ಪೈರಿ ಹತ್ತಿರ ಬಂದದ್ದು, ಇವನ್ನೆಲ್ಲ ಸಾಫ್ಟ್‌ವೇರ್ ತಾನಾಗಿ ತಡೆಯುತ್ತದೆ. ಅದು ದೋಷ ಅಲ್ಲ, ಅದರ ಕೆಲಸವೇ ಅದು. ಯಾವ ಪಾರ್ಸಲ್ ಆದರೂ ಸಾರ್ಟರ್‌ನ ಶುರುವಿನಿಂದ ಮತ್ತೆ ಬರಲಿ.

ಐವತ್ತು ಪೆಟ್ಟಿಗೆಯ ಲೆಕ್ಕ

ರಿಜೆಕ್ಟ್ ಆದ ಐವತ್ತು ಪೆಟ್ಟಿಗೆ ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಕೈ ಸ್ಕ್ಯಾನರ್‌ನಿಂದ ಓದಿ ಎರಡು ವಿಷಯ ಬರೆಯಿರಿ. ಒಂದು, ಸಾರ್ಟರ್ ಬರೆದಿಡುವ ಲಾಗ್‌ನಲ್ಲಿ ಅದಕ್ಕೆ ಬಿದ್ದಿರುವ ಕಾರಣ. ಇನ್ನೊಂದು, ಅದು ನಿಜವಾಗಿ ಯಾವ ಚ್ಯೂಟ್‌ಗೆ ಹೋಗಬೇಕಿತ್ತು ಅನ್ನೋದು. ಎರಡನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ನನಗೆ ಜಾಸ್ತಿ ಸುಳಿವು ಕೊಟ್ಟಿರುವುದು ಅದೇ.

ಎಲ್ಲ ಚ್ಯೂಟ್‌ಗಳ ಪಾರ್ಸಲ್‌ಗಳೂ ಹೆಚ್ಚುಕಡಿಮೆ ಸಮನಾಗಿ ಬಿದ್ದಿದ್ದರೆ ತೊಂದರೆ ಲೇಬಲ್, ಸ್ಕ್ಯಾನರ್ ಅಥವಾ ಡೇಟಾದಲ್ಲಿದೆ. ಸ್ಕ್ಯಾನರ್‌ಗೆ ಹತ್ತಿರದ ಚ್ಯೂಟ್‌ಗಳದ್ದೇ ಜಾಸ್ತಿ ಇದ್ದರೆ ಸರ್ವರ್‌ನ ಉತ್ತರ ತಡವಾಗಿ ಬರುತ್ತಿದೆ. ದೂರದ ಚ್ಯೂಟ್‌ಗಳದ್ದು ಜಾಸ್ತಿ ಇದ್ದರೆ ದೂರ ಅಳೆಯುವುದರಲ್ಲಿ ತಪ್ಪಿದೆ, ಅಂದರೆ ಎನ್‌ಕೋಡರ್ ಇಲ್ಲವೇ ಬೆಲ್ಟ್ ಮೇಲೆ ಜಾರುವ ಪೆಟ್ಟಿಗೆ. ಒಂದೇ ಚ್ಯೂಟ್‌ನದ್ದಾದರೆ, ಪೆಟ್ಟಿಗೆಯನ್ನು ಬೆಲ್ಟ್‌ನಿಂದ ಆ ಚ್ಯೂಟ್‌ಗೆ ತಳ್ಳುವ ಪುಷರ್ ಅಥವಾ ಅದರ ಸೆನ್ಸರ್. ಚ್ಯೂಟ್ ಖಾಲಿ ಇದ್ದರೂ ಲಾಗ್‌ನಲ್ಲಿ 'ಚ್ಯೂಟ್ ಫುಲ್' ಅಂತ ಬರುತ್ತಿದ್ದರೆ ಮೊದಲು ಅಲ್ಲಿ ಯಾರಾದರೂ ಟ್ರಾಲಿ ನಿಲ್ಲಿಸಿದ್ದಾರಾ ನೋಡಿ. ಸೆನ್ಸರ್‌ಗೆ ಪೆಟ್ಟಿಗೆಯೂ ಒಂದೇ, ಟ್ರಾಲಿಯೂ ಒಂದೇ.

ಗಂಟೆವಾರು ಲೆಕ್ಕವನ್ನೂ ಹಾಕಿ. ದಿನವೂ ಸಂಜೆ ಒಂದೇ ಹೊತ್ತಿಗೆ ಏರಿ ಇಳಿಯುವ ದೋಷ ಕಂಡರೆ ಡಾಕ್ ಬಾಗಿಲ ಕಡೆ ಹೋಗಿ ನಿಂತುಕೊಳ್ಳಿ. ಇಳಿಬಿಸಿಲು ನೇರ ಸ್ಕ್ಯಾನರ್‌ನ ಕಣ್ಣಿಗೆ ಹೊಡೆಯುತ್ತಿರಬಹುದು. ಒಂದು ಪರದೆ ಕಟ್ಟಿದರೆ ಮುಗಿಯುವ ತೊಂದರೆಗೆ ಸ್ಕ್ಯಾನರ್ ಬದಲಿಸಿದ್ದನ್ನು ನಾನು ನೋಡಿದ್ದೇನೆ.

ಓದಲು ಆಗದ ಲೇಬಲ್

ಲಾಗ್‌ನಲ್ಲಿ 'ನೋ ರೀಡ್' ಅಂತ ಇದ್ದರೆ ಗಾಜು ಒರೆಸುವ ಮೊದಲು ಚಿತ್ರ ನೋಡಿ. ಕ್ಯಾಮೆರಾ ಸ್ಕ್ಯಾನರ್‌ಗಳಲ್ಲಿ ಬಹಳಷ್ಟು, ಓದಲಾಗದ ಪೆಟ್ಟಿಗೆಯ ಫೋಟೋ ಉಳಿಸಿಡುತ್ತವೆ. ಆ ಆಯ್ಕೆ ಆಫ್ ಆಗಿದ್ದರೆ ಆನ್ ಮಾಡಿ. ಚಿತ್ರದಲ್ಲಿ ಲೇಬಲ್ಲೇ ಕಾಣದಿದ್ದರೆ ಪೆಟ್ಟಿಗೆ ಮಗುಚಿಕೊಂಡು ಬಂದಿದೆ. ಎತ್ತರದ ಪೆಟ್ಟಿಗೆಗಳು ಮಾತ್ರ ಮಸುಕಾಗಿದ್ದರೆ ಫೋಕಸ್‌ನ ಅಳತೆ ಸಾಲುತ್ತಿಲ್ಲ. ಬಿಳಿಯಾಗಿ ಹೊಳೆದಿದ್ದರೆ ಬಿಸಿಲು, ಇಲ್ಲವೇ ಲೇಬಲ್ ಮೇಲೆ ಹಾಯ್ದಿರುವ ಟೇಪು.

ಬಾರ್‌ಕೋಡ್ ಸ್ಪಷ್ಟವಾಗಿ ಕಂಡೂ ಓದಿಲ್ಲ ಅಂದರೆ ಪ್ರಿಂಟ್ ಕಡೆ ಹೋಗಿ. ಥರ್ಮಲ್ ಪ್ರಿಂಟರ್‌ನ ಹೆಡ್‌ನಲ್ಲಿ ಒಂದು ಚುಕ್ಕೆ ಸತ್ತರೆ ಲೇಬಲ್ ಹೊರಬರುವ ದಿಕ್ಕಿನಲ್ಲಿ ಉದ್ದಕ್ಕೂ ಒಂದು ತೆಳು ಬಿಳಿ ಗೆರೆ ಬೀಳುತ್ತದೆ. ಬಾರ್‌ಕೋಡ್‌ನ ಪಟ್ಟಿಗಳು ಆ ದಿಕ್ಕಿಗೆ ಅಡ್ಡಲಾಗಿ, ಏಣಿಯ ಮೆಟ್ಟಿಲಿನ ಹಾಗೆ ಇದ್ದರೆ ಈ ಬಿಳಿ ಗೆರೆ ಎಲ್ಲ ಪಟ್ಟಿಗಳನ್ನೂ ಒಂದೇ ಕಡೆ ಕತ್ತರಿಸಿ ಹೋಗುತ್ತದೆ, ಉಳಿದ ಭಾಗದಲ್ಲಿ ಓದಬಹುದು. ಪಟ್ಟಿಗಳು ಅದೇ ದಿಕ್ಕಿನಲ್ಲಿ, ಬೇಲಿಯ ಗೂಟದ ಹಾಗೆ ಇದ್ದರೆ ಆ ಗೆರೆ ಒಂದು ಪಟ್ಟಿಯನ್ನು ಮೇಲಿಂದ ಕೆಳಗಿನ ತನಕ ನುಂಗಿಬಿಡುತ್ತದೆ. ಆಮೇಲೆ ಯಾವ ಸ್ಕ್ಯಾನರ್ ತಂದರೂ ಅಷ್ಟೇ. ಹೆಡ್ ಬರುವ ತನಕ ಲೇಬಲ್ ವಿನ್ಯಾಸವನ್ನು 90 ಡಿಗ್ರಿ ತಿರುಗಿಸಿದರೆ ಕೆಲಸ ನಡೆಯುತ್ತದೆ.

ಇಲ್ಲಿ ಒಂದು ವಾದ ಯಾವಾಗಲೂ ಬರುತ್ತದೆ. "ಕೈ ಸ್ಕ್ಯಾನರ್‌ನಲ್ಲಿ ಬಂತಲ್ಲ, ಲೇಬಲ್ ಸರಿಯಾಗೇ ಇದೆ." ಕೈ ಸ್ಕ್ಯಾನರ್ ಹತ್ತಿರ ಹಿಡಿದು, ಕೋನ ಬದಲಿಸಿ, ಹತ್ತು ಸಲ ಪ್ರಯತ್ನ ಮಾಡುತ್ತದೆ. ಲೈನ್ ಸ್ಕ್ಯಾನರ್‌ಗೆ ಪೆಟ್ಟಿಗೆ ಎದುರಿಗೆ ಹಾದುಹೋಗುವ ಅಷ್ಟೇ ಹೊತ್ತು. ಅನುಮಾನ ಇದ್ದರೆ ಬಾರ್‌ಕೋಡ್ ಗುಣಮಟ್ಟ ಅಳೆಯುವ ವೆರಿಫೈಯರ್‌ನಲ್ಲಿ ಅಳೆಯಿರಿ. ಗೆರೆ ಬಾರ್‌ಕೋಡ್‌ಗೆ ಐಎಸ್‌ಒ/ಐಇಸಿ 15416 ಪ್ರಕಾರ ಗ್ರೇಡ್ ಬರುತ್ತದೆ, 1.5ಕ್ಕಿಂತ ಕೆಳಗೆ ಇರಬಾರದು. ಪಾರ್ಸಲ್ ಲೇಬಲ್‌ಗೆ ಬಳಸುವ ಜಿಎಸ್‌1-128 ಬಾರ್‌ಕೋಡ್‌ನ ಎರಡೂ ಬದಿಗೆ, ಅತಿ ತೆಳು ಪಟ್ಟಿಯ ಹತ್ತು ಪಟ್ಟು ಖಾಲಿ ಜಾಗ ಬೇಕು. ಪಟ್ಟಿ ಅರ್ಧ ಮಿಲಿಮೀಟರ್ ಆದರೆ ಅದು 5 ಮಿಲಿಮೀಟರ್. ಲೇಬಲ್ ಅಂಚು ಪೆಟ್ಟಿಗೆಯ ಮೂಲೆಗೆ ಮಡಚಿದರೂ, ಕಂದು ಟೇಪು ಅಂಚಿಗೆ ಬಂದು ಕೂತರೂ ಆ ಜಾಗ ಹೋಯಿತು.

ಔಷಧ ಗೋದಾಮಿಗೇ ಸೇರಿದ ಎರಡು ತೊಂದರೆ ಹೇಳಬೇಕು. ಕೋಲ್ಡ್ ರೂಮ್‌ನಿಂದ ಹೊರಬಂದ ಪೆಟ್ಟಿಗೆ ಬೆಚ್ಚಗಿನ ಗಾಳಿಗೆ ಬಂದ ಕೂಡಲೇ ಬೆವರುತ್ತದೆ. ಲೇಬಲ್ ಮೇಲೆ ಹನಿ, ಕೆಲವು ಸಲ ಬಾಗಿಲ ಪಕ್ಕದ ಸ್ಕ್ಯಾನರ್ ಗಾಜಿನ ಮೇಲೂ ಹನಿ. ಬಟ್ಟೆಯಿಂದ ಒರೆಸಿದರೆ ಹತ್ತು ನಿಮಿಷ ಸರಿಹೋಗುವುದು ಇದೇ ಕಾರಣಕ್ಕೆ. ತೇವದ ಪೆಟ್ಟಿಗೆಗೆ ಲೇಬಲ್ ಅಂಟಿಸುವ ಬದಲು ತಂಪಿಗೆ ಹೋಗುವ ಮೊದಲೇ ಅಂಟಿಸಿ, ಅಂಟು ತಂಪಿಗೆ ತಡೆಯುವಂಥದ್ದು ಇರಲಿ. ಸ್ಕ್ಯಾನರ್ ಅನ್ನು ಬಾಗಿಲಿಂದ ದೂರ ಸರಿಸಿ. ಎರಡನೆಯದು ಸ್ಯಾನಿಟೈಸರ್. ಸ್ವಚ್ಛತೆಗೆ ಅಂತ ಪೆಟ್ಟಿಗೆ, ಟೋಟ್‌ಗಳನ್ನು (ಸರಕು ಸಾಗಿಸುವ ಪ್ಲಾಸ್ಟಿಕ್ ಡಬ್ಬ) ಆಲ್ಕೋಹಾಲ್‌ನಿಂದ ಒರೆಸುತ್ತಾರೆ. ರಿಬ್ಬನ್ ಇಲ್ಲದೆ ಅಚ್ಚಾದ ಥರ್ಮಲ್ ಲೇಬಲ್‌ಗೆ ಆಲ್ಕೋಹಾಲ್ ತಾಗಿದರೆ ಕಾಗದವೇ ಕಪ್ಪಾಗುತ್ತದೆ. 'ಸ್ವಚ್ಛಗೊಳಿಸಿದ ಮೇಲೆ ಜಾಸ್ತಿ ಆಯ್ತು' ಅಂತ ಯಾರಾದರೂ ದೂರಿದರೆ ನಗಬೇಡಿ.

ಓದಿದೆ, ಆದರೆ ಗುರುತು ಸಿಕ್ಕಿಲ್ಲ

ಸ್ಕ್ಯಾನರ್ ಸರಿಯಾಗಿ ಓದಿ ಕಳಿಸಿದೆ, ಸಾಫ್ಟ್‌ವೇರ್ 'ಇಂಥ ಪಾರ್ಸಲ್ ಇಲ್ಲ' ಅಂದಿದೆ. ಆಗ ಸ್ಕ್ಯಾನರ್ ಕಳಿಸಿದ ಅಕ್ಷರಗಳನ್ನು ಹಾಗೇ ತೆಗೆದು ಎಣಿಸಿ. ಪಾರ್ಸಲ್ ಗುರುತಿಸುವ ಎಸ್‌ಎಸ್‌ಸಿಸಿ ಸಂಖ್ಯೆ 18 ಅಂಕಿಯದ್ದು, ಶುರುವಿನಲ್ಲಿ ಬರುವ 00 ಗುರುತು ಸೇರಿದರೆ 20. ಒಂದು ಕಡೆಯವರು 20 ಕಳಿಸಿ ಇನ್ನೊಂದು ಕಡೆಯವರು 18 ಕಾಯುತ್ತಿದ್ದರೆ ಯಾವತ್ತೂ ಹೊಂದುವುದಿಲ್ಲ. ಸ್ಕ್ಯಾನರ್ ಬದಲಿಸಿದ ಮರುದಿನ ಬರುವ ದೋಷ ಸಾಮಾನ್ಯವಾಗಿ ಇದೇ.

ಸಂಖ್ಯೆಯ ಕೊನೆಯ ಮೂರು ಅಂಕಿ ಯಾವಾಗಲೂ 000 ಆಗಿದ್ದರೆ ಯಾರೋ ಆ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದಾರೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ, ಶುರುವಿನ ಸೊನ್ನೆಗಳನ್ನೂ ತಿಂದುಹಾಕುತ್ತದೆ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಬೇಕಿತ್ತು. ಐಟಿಯವರಿಗೆ ಫೋನ್ ಮಾಡುವ ಮೊದಲು ನಿಮ್ಮ ಕಡೆಯ ಫೈಲನ್ನೇ ನೋಡಿಕೊಳ್ಳಿ.

ಒಂದೆರಡು ತಯಾರಕರ ಸರಕು ಮಾತ್ರ ರಿಜೆಕ್ಟ್ ಆಗುತ್ತಿದ್ದರೆ ಡೇಟಾ ಮ್ಯಾಟ್ರಿಕ್ಸ್ ಕೋಡ್‌ನ (ಪೊಟ್ಟಣದ ಮೇಲಿನ ಚೌಕದ ಕೋಡ್) ಒಳಗೆ ಇಣುಕಬೇಕು. ಬ್ಯಾಚ್ ಸಂಖ್ಯೆಗೆ ನಿಗದಿ ಉದ್ದ ಇಲ್ಲ, 20 ಅಕ್ಷರದ ತನಕ ಎಷ್ಟಾದರೂ ಇರಬಹುದು. ಅದು ಎಲ್ಲಿ ಮುಗಿಯಿತು ಅಂತ ಹೇಳಲು ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅದರ ಸಂಖ್ಯೆ 29. ಕೀಬೋರ್ಡ್ ಮೋಡ್‌ನಲ್ಲಿ, ಅಂದರೆ ಓದಿದ್ದನ್ನು ಟೈಪ್ ಮಾಡಿದ ಹಾಗೆ ಕಳಿಸುವಂತೆ, ಇಟ್ಟ ಸ್ಕ್ಯಾನರ್ ಅದನ್ನು ಬೀಳಿಸಿಬಿಡಬಹುದು. ಆಗ ಬ್ಯಾಚ್ ಸಂಖ್ಯೆ ಮುಂದಿನ ಸೀರಿಯಲ್ ನಂಬರನ್ನೂ ನುಂಗಿ ಉದ್ದವಾಗುತ್ತದೆ. ಸೀರಿಯಲ್ ನಂಬರ್ ಇಲ್ಲದೆ ಬ್ಯಾಚ್ ಅನ್ನು ಕೊನೆಯಲ್ಲಿ ಹಾಕುವ ತಯಾರಕರ ಸರಕಿಗೆ ಈ ಅಕ್ಷರ ಬೇಕಾಗುವುದೇ ಇಲ್ಲ, ಹಾಗಾಗಿ ಅದು ಸಲೀಸಾಗಿ ಹೋಗುತ್ತದೆ. ಎಲ್ಲರೂ ಬ್ಯಾಚ್ ಅನ್ನು ಮಧ್ಯೆ ಹಾಕಿದ ತಯಾರಕರ ಪ್ರಿಂಟನ್ನು ದೂರುತ್ತಾರೆ. ತಪ್ಪು ನಮ್ಮ ಸ್ಕ್ಯಾನರ್ ಸೆಟ್ಟಿಂಗ್‌ನದು.

ಎಕ್ಸ್‌ಪೈರಿ ತಾರೀಖೂ ಹೀಗೇ ಆಟ ಆಡಿಸುತ್ತದೆ. ಅದು ವರ್ಷ, ತಿಂಗಳು, ದಿನ ಅಂತ ಆರು ಅಂಕಿ. ಕೆಲವು ಪೊಟ್ಟಣಗಳಲ್ಲಿ ದಿನದ ಜಾಗದಲ್ಲಿ 00 ಇರುತ್ತದೆ. 281100 ಅಂದರೆ 2028ರ ನವೆಂಬರ್ ಕೊನೆಯ ದಿನ. ಇದು ಗೊತ್ತಿಲ್ಲದ ಪ್ರೋಗ್ರಾಂ 'ಸೊನ್ನೆಯ ತಾರೀಖು ಇಲ್ಲ' ಅಂತ ಪಾರ್ಸಲ್ ಅನ್ನೇ ತಳ್ಳಿಬಿಡುತ್ತದೆ.

ಉತ್ತರ ಬರುವಷ್ಟರಲ್ಲಿ ಪೆಟ್ಟಿಗೆ ದಾಟಿತ್ತು

ಸ್ಕ್ಯಾನರ್‌ನಿಂದ ಮೊದಲ ಪುಷರ್‌ಗೆ 3 ಮೀಟರ್, ಬೆಲ್ಟ್ ವೇಗ ಸೆಕೆಂಡಿಗೆ 1.2 ಮೀಟರ್ ಅಂದುಕೊಳ್ಳಿ. ಸರ್ವರ್‌ಗೆ ಉತ್ತರ ಕೊಡಲು 2.5 ಸೆಕೆಂಡ್ ಇದೆ. ಕೆಲಸ ಜಾಸ್ತಿ ಅಂತ ವೇಗವನ್ನು 1.5ಕ್ಕೆ ಏರಿಸಿದರೆ 2 ಸೆಕೆಂಡ್ ಮಾತ್ರ. ಉತ್ತರ 2.2 ಸೆಕೆಂಡಿಗೆ ಬರುತ್ತಿದ್ದ ವ್ಯವಸ್ಥೆ ನಿನ್ನೆ ತನಕ ಚೆನ್ನಾಗಿತ್ತು, ಇವತ್ತು ಕೆಟ್ಟಿತು. ಹತ್ತನೇ ಚ್ಯೂಟ್‌ನ ಪೆಟ್ಟಿಗೆಗೆ ಇನ್ನೂ ಸಮಯ ಇರುತ್ತದೆ, ಅದಕ್ಕೇ ಹತ್ತಿರದ ಚ್ಯೂಟ್‌ಗಳು ಮಾತ್ರ ಏಟು ತಿನ್ನುತ್ತವೆ. ಇದನ್ನು ಸಾಬೀತು ಮಾಡಲು ಸ್ಕ್ಯಾನರ್, ಪಿಎಲ್‌ಸಿ (ಬೆಲ್ಟ್, ಪುಷರ್‌ಗಳನ್ನು ನಡೆಸುವ ಕಂಪ್ಯೂಟರ್), ಸರ್ವರ್ ಮೂರರ ಗಡಿಯಾರ ಒಂದೇ ಸಮಯ ತೋರಿಸಬೇಕು. ಇಲ್ಲದಿದ್ದರೆ ಲಾಗ್ ನೋಡಿದಷ್ಟೂ ತಲೆ ಕೆಡುತ್ತದೆ. ಬ್ಯಾಕಪ್ ಓಡುವ ಹೊತ್ತು, ತಿಂಗಳ ಕೊನೆಯ ರಿಪೋರ್ಟ್ ತೆಗೆಯುವ ಹೊತ್ತು ಇದು ಕಾಣಿಸಿಕೊಂಡರೆ ಮೇಂಟೆನೆನ್ಸ್‌ನವರನ್ನು ಮನೆಗೆ ಕಳಿಸಿ.

ದೂರದ ಲೆಕ್ಕ ತಪ್ಪಿದಾಗ

ಪುಷರ್‌ಗೆ ಪೆಟ್ಟಿಗೆ ಕಾಣುವುದಿಲ್ಲ. ಎನ್‌ಕೋಡರ್ ಚಕ್ರ ಎಷ್ಟು ತಿರುಗಿತು ಅಂತ ಎಣಿಸಿ 'ಈಗ ಪೆಟ್ಟಿಗೆ ಇಲ್ಲಿರಬೇಕು' ಅಂತ ಪಿಎಲ್‌ಸಿ ಹೇಳುತ್ತದೆ, ಪುಷರ್ ತಳ್ಳುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಪುಷರ್ ಬೇಗ ಹೊಡೆಯುತ್ತಿದೆಯಾ, ತಡವಾಗಿ ಹೊಡೆಯುತ್ತಿದೆಯಾ?

ಕಣ್ಣಿಗೆ ಇದು ತಿಳಿಯುವುದಿಲ್ಲ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ, ಬೇಲಿಯ ಹೊರಗೆ ನಿಂತು. ಸೆಕೆಂಡಿಗೆ 240 ಫ್ರೇಮ್ ಇದ್ದರೆ 1.5 ಮೀಟರ್ ವೇಗದಲ್ಲಿ ಒಂದು ಫ್ರೇಮ್‌ಗೆ ಪೆಟ್ಟಿಗೆ 6 ಮಿಲಿಮೀಟರ್ ಚಲಿಸುತ್ತದೆ. ಇಷ್ಟು ನಿಖರವಾದ ಉಪಕರಣ ಎಲ್ಲರ ಜೇಬಿನಲ್ಲೂ ಇದೆ, ಸುಮ್ನೆ ಬಳಸಲ್ಲ ಅಷ್ಟೇ.

ಬೇಗ ಹೊಡೆಯುತ್ತಿದ್ದರೆ ಚಕ್ರ ಸವೆದಿರಬಹುದು. 200 ಮಿಲಿಮೀಟರ್ ಸುತ್ತಳತೆಯ ಚಕ್ರ ಸವೆದು 196 ಆಯಿತು ಅನ್ನಿ. ಪಿಎಲ್‌ಸಿ ಇನ್ನೂ 200 ಅಂತಲೇ ನಂಬಿದೆ. 100 ಸುತ್ತು ಆದಾಗ ಅದರ ಲೆಕ್ಕದಲ್ಲಿ 20 ಮೀಟರ್, ಪೆಟ್ಟಿಗೆ ನಿಜವಾಗಿ ಇರುವುದು 19.6 ಮೀಟರ್‌ನಲ್ಲಿ. 40 ಸೆಂಟಿಮೀಟರ್ ವ್ಯತ್ಯಾಸ, ಒಂದು ಇಡೀ ಪೆಟ್ಟಿಗೆಯಷ್ಟು. 2 ಮೀಟರ್ ದೂರದ ಪುಷರ್‌ನಲ್ಲಿ ಅದೇ ತಪ್ಪು 4 ಸೆಂಟಿಮೀಟರ್ ಮಾತ್ರ, ಯಾರಿಗೂ ಗೊತ್ತಾಗುವುದಿಲ್ಲ. ಬೇಗ ಹೊಡೆಯಲು ಇನ್ನೊಂದು ಕಾರಣ ಪೆಟ್ಟಿಗೆ ಹಿಂದಕ್ಕೆ ಜಾರುವುದು. ಬೆಲ್ಟ್ ಮುಂದೆ ಹೋಗುತ್ತದೆ, ಹಗುರ ಪ್ಲಾಸ್ಟಿಕ್ ಕವರ್ ಹಿಂದುಳಿಯುತ್ತದೆ. ಏರುವ ಜಾಗ, ತಿರುವು, ಎರಡು ಬೆಲ್ಟ್ ಸೇರುವ ಕಡೆ ಗಮನಿಸಿ. ಎಲ್ಲ ಬಗೆಯ ಪಾರ್ಸಲ್‌ಗೂ ತಪ್ಪು ಆಗುತ್ತಿದ್ದರೆ ಚಕ್ರ, ನುಣುಪಾದ ಹಗುರ ಪಾರ್ಸಲ್‌ಗೆ ಮಾತ್ರ ಆದರೆ ಜಾರುವಿಕೆ.

ತಡವಾಗಿ ಹೊಡೆಯುತ್ತಿದ್ದರೆ ಚಕ್ರ ಬೆಲ್ಟ್‌ಗೆ ಸರಿಯಾಗಿ ತಾಗುತ್ತಿಲ್ಲ. ಸ್ಪ್ರಿಂಗ್ ಸಡಿಲವಾಗಿದೆ, ಚಕ್ರ ಆಗಾಗ ಎದ್ದು ಎಣಿಕೆ ತಪ್ಪುತ್ತಿದೆ. ಇದು ಬಂದುಹೋಗುವ ದೋಷ, ಹಾಗಾಗಿ ಸತಾಯಿಸುತ್ತದೆ. ತಡಕ್ಕೆ ಗಾಳಿಯೂ ಕಾರಣ ಆಗಬಹುದು. ಗೋಡೆಯ ಗೇಜ್‌ನಲ್ಲಿ 6 ಬಾರ್ ಕಂಡರೆ ಸಮಾಧಾನಪಡಬೇಡಿ. ಲೈನಿನ ಕೊನೆಯ ಪುಷರ್ ಹತ್ತಿರ, ಅದು ತಳ್ಳುತ್ತಿರುವಾಗ ಒತ್ತಡ ಎಷ್ಟಕ್ಕೆ ಇಳಿಯುತ್ತದೆ ನೋಡಿ. ಪೈಪಿನಲ್ಲಿ ನೀರು, ಕಟ್ಟಿಕೊಂಡ ಸೈಲೆನ್ಸರ್, ಒಟ್ಟಿಗೆ ನಾಲ್ಕು ಪುಷರ್ ಹೊಡೆದಾಗ ಸಾಲದ ಗಾಳಿ. ಪುಷರ್ 100 ಮಿಲಿಸೆಕೆಂಡ್ ತಡವಾದರೆ ಪೆಟ್ಟಿಗೆ 15 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಬಿಚ್ಚಿ ನೋಡುವುದಾದರೆ ಕರೆಂಟ್ ಜೊತೆ ಗಾಳಿಯನ್ನೂ ಬಂದ್ ಮಾಡಿ, ಪೈಪಿನಲ್ಲಿ ಉಳಿದ ಒತ್ತಡ ಬಿಡಿ, ಬೀಗ ಹಾಕಿ.

ಸಾಲು ಒಂದು ಮನೆ ಜರುಗಿದರೆ

ನನಗೆ ಎಲ್ಲಕ್ಕಿಂತ ಭಯ ಇದರದ್ದು. ಕೆಲವು ಹಳೆಯ ವ್ಯವಸ್ಥೆಗಳು ಪೆಟ್ಟಿಗೆಯ ಜಾಗವನ್ನು ಅಳೆಯುವುದಿಲ್ಲ, ಸರದಿ ಎಣಿಸುತ್ತವೆ. ಮೊದಲು ಓದಿದ್ದು ಮೊದಲು ಬರುತ್ತದೆ ಅನ್ನೋ ನಂಬಿಕೆ. ಸರದಿಯಲ್ಲಿ ಒಂದು ತಪ್ಪಿದರೆ ಹಿಂದಿನವೆಲ್ಲ ಪಕ್ಕದವರ ವಿಳಾಸ ಹೊತ್ತುಕೊಂಡು ಹೋಗುತ್ತವೆ. ರಿಜೆಕ್ಟ್ ಆದರೆ ಹೇಗೂ ಗೊತ್ತಾಗುತ್ತದೆ. ಇಲ್ಲಿ ರಿಜೆಕ್ಟ್ ಲೇನ್ ಖಾಲಿ, ಆದರೆ ಒಂದು ಆಸ್ಪತ್ರೆಯ ಮಾತ್ರೆ ಇನ್ನೊಂದಕ್ಕೆ.

ಗುರುತು ಹೀಗಿದೆ: ತಪ್ಪು ಚ್ಯೂಟ್‌ಗೆ ಹೋದವು ಚದುರಿ ಇರುವುದಿಲ್ಲ, ಸಾಲಾಗಿ ಇರುತ್ತವೆ. ಒಂದು ಕ್ಷಣದಿಂದ ಶುರುವಾಗಿ ಬೆಲ್ಟ್ ಖಾಲಿಯಾದಾಗ ತಾನಾಗಿ ನಿಲ್ಲುತ್ತದೆ. ಊಟದ ಬಿಡುವಿನ ನಂತರ 'ಸರಿಹೋಯ್ತು' ಅನ್ನುವುದು ಇದಕ್ಕೇ.

ಒಂದು ಗೋದಾಮಿನಲ್ಲಿ ಮೂರು ದಿನ ಹುಡುಕಿದೆವು. ಸೆನ್ಸರ್ ಬದಲಿಸಿದೆವು, ಕೇಬಲ್ ಬದಲಿಸಿದೆವು. ಕೊನೆಗೆ ಸುಮ್ನೆ ಒಂದು ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಸ್ಕ್ಯಾನರ್ ದಾಟಿದ ಮೇಲೆ ಓರೆಯಾದ ಪೆಟ್ಟಿಗೆಯನ್ನು ಆಪರೇಟರ್ ಒಬ್ಬರು ಎತ್ತಿ, ನೆಟ್ಟಗೆ ಮಾಡಿ, ಎರಡು ಪೆಟ್ಟಿಗೆ ಹೋದ ಮೇಲೆ ಜಾಗ ನೋಡಿ ಇಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಅವರಿಗೆ ಯಾರೂ ಹೇಳಿರಲಿಲ್ಲ. ಸ್ಕ್ಯಾನರ್‌ನಿಂದ ಪುಷರ್ ತನಕ ಪಾರದರ್ಶಕ ಮುಚ್ಚಳ ಹಾಕಿದ ಮೇಲೆ ದೋಷ ಮತ್ತೆ ಬರಲಿಲ್ಲ.

ಮನುಷ್ಯರ ಕೈ ಇಲ್ಲದೆಯೂ ಸರದಿ ತಪ್ಪುತ್ತದೆ. ಚಪ್ಪಟೆ ಪೊಟ್ಟಣ ಸೆನ್ಸರ್ ಕಿರಣದ ಕೆಳಗೆ ನುಸುಳಿದರೆ ಎಣಿಕೆಗೆ ಬರುವುದಿಲ್ಲ. ಪ್ಲಾಸ್ಟಿಕ್ ಕವರ್‌ನ ಮೂಲೆ ಪಟಪಟ ಬಡಿದರೆ ಒಂದು ಪಾರ್ಸಲ್ ಎರಡಾಗುತ್ತದೆ. ಅಂಟಿಕೊಂಡು ಬಂದ ಎರಡು ಪೆಟ್ಟಿಗೆ ಒಂದಾಗುತ್ತವೆ. ರಿಫ್ಲೆಕ್ಟರ್ ಬಗೆಯ ಸೆನ್ಸರ್ ಆದರೆ ಹೊಳೆಯುವ ಶ್ರಿಂಕ್ ಫಿಲ್ಮ್ ತಾನೇ ಬೆಳಕು ವಾಪಸ್ ಕಳಿಸಿ 'ಇಲ್ಲಿ ಏನೂ ಇಲ್ಲ' ಅನ್ನಿಸಿಬಿಡುತ್ತದೆ. ಅಳೆದ ಉದ್ದವನ್ನು ಪೆಟ್ಟಿಗೆಯ ದಾಖಲೆಯ ಉದ್ದದ ಜೊತೆ ಹೋಲಿಸುವ ಪರೀಕ್ಷೆ ಇದ್ದರೆ ಇವುಗಳಲ್ಲಿ ಹೆಚ್ಚಿನವು ಅಲ್ಲೇ ಸಿಕ್ಕಿಬೀಳುತ್ತವೆ. ಸೆನ್ಸರ್‌ಗೆ ಎಣಿಸುವ ಮೊದಲು 30 ಮಿಲಿಸೆಕೆಂಡ್ ಕಾಯಲು ಹೇಳಿದರೆ ಕವರ್ ಬಡಿತದ ಎರಡೆಣಿಕೆ ನಿಲ್ಲುತ್ತದೆ, ಆದರೆ 1.5 ಮೀಟರ್ ವೇಗದಲ್ಲಿ ಅದು ನಾಲ್ಕೂವರೆ ಸೆಂಟಿಮೀಟರ್. ಪೆಟ್ಟಿಗೆಗಳ ನಡುವಿನ ಅಂತರ ಅದಕ್ಕಿಂತ ಕಡಿಮೆ ಇದ್ದರೆ ಎರಡು ಒಂದಾಗುತ್ತವೆ, ಅಲ್ವಾ?

ಸರಿ ಮಾಡಿದ ಮೇಲೆ

ಯಾವ ಸೆಟ್ಟಿಂಗ್ ಮುಟ್ಟಿದಿರೋ ಅದರ ಹಳೆಯ ಮೌಲ್ಯ, ಹೊಸ ಮೌಲ್ಯ, ಕಾರಣ, ಮಾಡಿದವರು ಯಾರು, ಇಷ್ಟನ್ನು ಬದಲಾವಣೆ ದಾಖಲೆಗೆ ಬರೆಯಿರಿ. ಔಷಧ ಗೋದಾಮಿನಲ್ಲಿ ಸಾರ್ಟರ್ ವ್ಯಾಲಿಡೇಟ್ ಆದ, ಅಂದರೆ ಪರೀಕ್ಷಿಸಿ ದಾಖಲೆ ಸಮೇತ ಒಪ್ಪಿದ ಯಂತ್ರ, 'ಚೂರು ಅಡ್ಜಸ್ಟ್ ಮಾಡಿದೆ' ಅನ್ನುವ ಮಾತು ಆಡಿಟ್‌ನಲ್ಲಿ ನಡೆಯುವುದಿಲ್ಲ. ಪರೀಕ್ಷೆಗೆ ಅಂತಲೇ ಇಪ್ಪತ್ತು ಖಾಲಿ ಪೆಟ್ಟಿಗೆ ಇಟ್ಟುಕೊಳ್ಳಿ. ಚಪ್ಪಟೆಯದ್ದು, ಎತ್ತರದ್ದು, ಕಪ್ಪು, ಹೊಳೆಯುವುದು, ಬೇಕಂತಲೇ ಕೆಟ್ಟ ಲೇಬಲ್ ಇರುವುದು. ರಿಪೇರಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಓಡಿಸಿ.

ತಪ್ಪು ಚ್ಯೂಟ್‌ನ ದೋಷ ಆಗಿದ್ದರೆ ಬೆಲ್ಟ್ ಸರಿಹೋಯಿತು ಅಂತ ಕೆಲಸ ಮುಗಿಯಲಿಲ್ಲ. ಕೊನೆಯ ಸಲ ಎಲ್ಲ ಸರಿಯಾಗಿತ್ತು ಅಂತ ಲಾಗ್ ತೋರಿಸುವ ಹೊತ್ತನ್ನು ಹಿಡಿಯಿರಿ. ಅಲ್ಲಿಂದ ಈಚೆಗೆ ಚ್ಯೂಟ್‌ಗೆ ಬಿದ್ದ, ಪ್ಯಾಲೆಟ್‌ಗೆ ಏರಿದ ಪ್ರತಿ ಪಾರ್ಸಲ್ ಅನ್ನೂ ಕೈ ಸ್ಕ್ಯಾನರ್‌ನಿಂದ ಮತ್ತೆ ಓದಿ. ಲಾರಿ ಲೋಡ್ ಆಗಿ ಬಾಗಿಲು ಹಾಕಿದ್ದರೆ ತೆಗೆಸಿ. ಹೊರಟುಹೋಗಿದ್ದರೆ ಡ್ರೈವರ್‌ಗೂ, ಸರಕು ತಲುಪಬೇಕಾದವರಿಗೂ ಈಗಲೇ ಫೋನ್ ಮಾಡಿ, ಪೆಟ್ಟಿಗೆ ತೆರೆಯದೆ ಪಕ್ಕಕ್ಕಿಡಲು ಹೇಳಿ.